ಎರಡು ಬ್ಯಾಡ್ಜುಗಳ ಮನೆಯಿಂದ ಭಾಷಾ ಸಂಘಗಳ ಸಂಚಾಲಕರಿಗೆ

ಪ್ರೌಢಶಾಲೆಯ ವಿದೇಶಿ ಭಾಷಾ ಸಂಘಗಳ ಮಾನ್ಯ ಸಂಚಾಲಕರೇ,

ತಮಗೆ ಮೂರು ಭಾಷೆಗಳಲ್ಲಿ ವಂದನೆ ಹೇಳಿಯೇ ಪತ್ರ ಶುರು ಮಾಡಬೇಕೆಂಬ ಆಸೆ ನನಗಿತ್ತು. ಆದರೆ ಮಗಳ ಫ್ರೆಂಚ್ ವಂದನೆಗೆ ಬೇಕಾದಷ್ಟು ಮೂಗು ನನ್ನಲ್ಲಿಲ್ಲ, ಮಗನ ಜಪಾನಿ ವಂದನೆಗೆ ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಆದ್ದರಿಂದ ನನಗೆ ಬರುವ ಒಂದೇ ಭಾಷೆಯಲ್ಲಿ, ಊಟದ ಮೇಜಿನ ಮುಂದೆ ನೆಟ್ಟಗೆ ಕೂತು ನಮಸ್ಕರಿಸುತ್ತಿದ್ದೇನೆ, ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು.

ಲಿಫ್ಟ್ ರಿಪೇರಿ ನನ್ನ ಕಸುಬು. ತಮ್ಮ ಹತ್ತನೆಯ ತರಗತಿಯ ಒಬ್ಬಳಿಗೂ ಎಂಟನೆಯ ತರಗತಿಯ ಒಬ್ಬನಿಗೂ ತಂದೆಯಾಗಿರುವುದು ನನ್ನ ಇನ್ನೊಂದು ಗುರುತು. ಶಾಲೆಯಲ್ಲಿ ಭಾಷಾ ಸಂಘಗಳನ್ನು ಕಟ್ಟಿ, ಮಕ್ಕಳನ್ನು ಪಠ್ಯಪುಸ್ತಕದಾಚೆಯ ಪ್ರಪಂಚಕ್ಕೆ ಒಯ್ಯಲು ತಾವು ಹೊರಟಾಗ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಅಣ್ಣತಮ್ಮ, ಅಕ್ಕತಂಗಿಯರು ಒಂದೇ ಸಂಘ ಸೇರುವಂತಿಲ್ಲ, ಒಂದು ಮನೆಗೆ ಎರಡು ಸಂಸ್ಕೃತಿ ಬರಲಿ ಎಂದು ತಾವು ಹೇಳಿದಾಗಲೂ ತಟ್ಟಿದೆ. ಸಂಘದ ಬ್ಯಾಡ್ಜ್ ಎದೆಯ ಮೇಲಿರುವಷ್ಟು ಹೊತ್ತು ಮನೆಯಲ್ಲೂ ಸಂಘದ ಭಾಷೆಯನ್ನೇ ಆಡಬೇಕು, ಮಕ್ಕಳು ಮಲಗುವವರೆಗೆ ಬ್ಯಾಡ್ಜ್ ತೆಗೆಯುವಂತಿಲ್ಲ, ಮನೆಮಾತು ಬಾಯಿಂದ ಜಾರಿದರೆ ಬ್ಯಾಡ್ಜನ್ನು ತಾವಾಗಿಯೇ ಮರಳಿಸಬೇಕು, ಮರಳಿಸಿದವರಿಗೆ ವಿಶ್ವ ಸಂಸ್ಕೃತಿ ದಿನದ ವೇದಿಕೆಯಿಲ್ಲ ಎಂಬ ನಿಯಮವನ್ನು ತಾವು ಓದಿದಾಗ ಸಭಾಂಗಣದಲ್ಲಿ ಎಲ್ಲರೂ ತಟ್ಟುತ್ತಿದ್ದರು, ನಾನೂ ತಟ್ಟಿದೆ. ಆ ಚಪ್ಪಾಳೆಯನ್ನು ಈಗ ವಾಪಸ್ ಪಡೆಯಲು ಸಾಧ್ಯವೇ ಎಂದು ಮೊದಲಿಗೆ ವಿಚಾರಿಸುತ್ತೇನೆ.

ನಿಯಮದ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಮಕ್ಕಳು ಎದ್ದಾಗಿನಿಂದ ಮಲಗುವವರೆಗೆ ಜಗಳವಾಡುತ್ತಿದ್ದವರು. ಬಚ್ಚಲುಮನೆಗೆ ಮೊದಲು ಯಾರು, ಕಿಟಕಿಯ ಪಕ್ಕದ ಕುರ್ಚಿ ಯಾರದು, ದಪ್ಪ ಹೊದಿಕೆ ಎಳೆದುಕೊಂಡದ್ದು ಯಾರು, ಇವೇ ವಿಷಯ. ಬ್ಯಾಡ್ಜ್ ಬಂದ ದಿನದಿಂದ ಜಗಳ ನಿಂತುಹೋಯಿತು. ಅವಳ ಫ್ರೆಂಚ್ ಅವನಿಗೆ ಬಾರದು, ಅವನ ಜಪಾನಿ ಅವಳಿಗೆ ಬಾರದು, ಮೇಲಾಗಿ ಎರಡೂ ಪುಸ್ತಕಗಳಲ್ಲಿ ಜಗಳದ ಪಾಠವೇ ಇಲ್ಲ. ಮಗಳು ಇನ್ನೂ ರೈಲ್ವೆ ನಿಲ್ದಾಣದ ಪಾಠದಲ್ಲಿರುವುದರಿಂದ, ಟವೆಲು ಬೇಕಾದಾಗ ಬಚ್ಚಲುಮನೆಯೊಳಗಿನಿಂದ ಪ್ಲಾಟ್‌ಫಾರ್ಮ್ ಎಲ್ಲಿದೆ ಎಂದು ಕೇಳುತ್ತಾಳೆ. ಮಗ ಮೊದಲ ಪಾಠವನ್ನೇ ದಾಟಿಲ್ಲ, ಹಾಗಾಗಿ ಪ್ರತಿ ಬೆಳಿಗ್ಗೆ ಹೆತ್ತ ತಾಯಿಯ ಮುಂದೆ ಬಗ್ಗಿ, ತನ್ನ ಹೆಸರು ಹೇಳಿ, ತಾನೊಬ್ಬ ವಿದ್ಯಾರ್ಥಿಯೆಂದು ಪರಿಚಯ ಮಾಡಿಕೊಳ್ಳುತ್ತಾನೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನನ್ನ ಹೆಂಡತಿ, ಪಾಪ, ಅವನಿಗೆ ದಿನವೂ ಸ್ವಾಗತ ಕೋರುತ್ತಾಳೆ. ಲಿಫ್ಟಿನೊಳಗೆ ಜನ ಪರಸ್ಪರ ಮುಖ ನೋಡದೆ ನಿಲ್ಲುವುದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿದೆ. ಅಂಥ ಶಿಸ್ತನ್ನು ನನ್ನ ಊಟದ ಮೇಜಿಗೂ ತಂದುಕೊಟ್ಟದ್ದಕ್ಕೆ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಆದರೆ ನಮ್ಮ ಮನೆಯಲ್ಲಿ ನನ್ನ ತಾಯಿಯೂ ಇದ್ದಾರೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ, ಇಡೀ ಊರಿನ ಮಾತನ್ನು ಒಬ್ಬರಿಂದ ಇನ್ನೊಬ್ಬರಿಗೆ ಜೋಡಿಸಿ ನಿವೃತ್ತರಾದವರು. ಅಡುಗೆಮನೆಗೂ ಹಜಾರಕ್ಕೂ ನಡುವೆ ಅವರ ಬೆತ್ತದ ಕುರ್ಚಿಯಿದೆ, ಅದೇ ನಮ್ಮ ಮನೆಯ ನ್ಯಾಯಾಲಯ. ಮೊಮ್ಮಕ್ಕಳು ಕಿತ್ತಾಡುತ್ತ ಓಡಿಬಂದರೆ ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, "ಒಬ್ಬೊಬ್ಬರಾಗಿ ಹೇಳಿ" ಅನ್ನುತ್ತಿದ್ದರು. ತೀರ್ಪಿನಲ್ಲಿ ಇಬ್ಬರೂ ಸೋಲುತ್ತಿದ್ದರು, ಆದರೂ ಮರುದಿನ ಹೊಸ ದೂರು ಹಿಡಿದು ಅಲ್ಲಿಗೇ ಬರುತ್ತಿದ್ದರು. ಈಗ ಆ ನ್ಯಾಯಾಲಯಕ್ಕೆ ಒಂದು ದೂರೂ ಬರುತ್ತಿಲ್ಲ.

ತಾಯಿ ಮೊದಲು ತಮ್ಮ ಕಿವಿಯನ್ನೇ ಅನುಮಾನಿಸಿದರು. ಮಕ್ಕಳು ಮಾತಾಡುವುದು ಕೇಳಿಸುತ್ತದೆ, ಆದರೆ ಒಂದಕ್ಷರವೂ ತಿಳಿಯುವುದಿಲ್ಲ ಎಂದು ನನ್ನ ಬಳಿ ಗುಟ್ಟಾಗಿ ಹೇಳಿಕೊಂಡರು. ನಿಯಮವನ್ನು ನಾನು ವಿವರಿಸಿದರೂ ನಂಬಲಿಲ್ಲ. ಇವನು ನನ್ನನ್ನು ಸಮಾಧಾನಪಡಿಸುತ್ತಿದ್ದಾನೆ ಅಂದುಕೊಂಡರು. ಕೊನೆಗೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೆಡ್‌ಫೋನ್ ಹಾಕಿ, ಗಂಟೆ ಬಾರಿಸಿ, ಪಿಸುಗುಟ್ಟಿ ಪರೀಕ್ಷಿಸಿ, ಇಂಥ ಕಿವಿ ತಮಗೂ ಇಲ್ಲವೆಂದು ಹೊಗಳಿ ಕಳಿಸಿದರು. ಮೆಟ್ಟಿಲಿಳಿಯುವಾಗ ತಾಯಿ ನನ್ನ ತೋಳು ಹಿಡಿದು, "ಕಿವಿ ಸರಿಯಾಗೇ ಇದೆ ಅಂದ್ರು. ಹಾಗಾದ್ರೆ ಕೆಟ್ಟಿರೋದು ಏನು?" ಎಂದು ಕೇಳಿದರು. ಆ ಪ್ರಶ್ನೆಯನ್ನು ತಮ್ಮ ಅವಗಾಹನೆಗೆ ಕಳಿಸುತ್ತಿದ್ದೇನೆ.

ಬ್ಯಾಡ್ಜ್ ಕಿತ್ತುಹಾಕಿ ಎಂದು ಮಕ್ಕಳಿಗೆ ಗದರಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮಗಳು ವೇದಿಕೆಯ ಮೇಲೆ ಒಬ್ಬಳೇ ಫ್ರೆಂಚ್ ಹಾಡು ಹಾಡುವವಳಿದ್ದಾಳೆ, ಅದಕ್ಕಾಗಿ ತಿಂಗಳುಗಟ್ಟಲೆ ಗಂಟಲು ಕಾಪಾಡಿಕೊಂಡು ಬಂದಿದ್ದಾಳೆ. ಮಗನಿಗೆ ಜಪಾನಿ ನಾಟಕದಲ್ಲಿ ಬೆಟ್ಟದ ಪಾತ್ರ. ಬೆಟ್ಟಕ್ಕೆ ಒಂದೂ ಮಾತಿಲ್ಲ. ವೇದಿಕೆಯಲ್ಲಿ ಮಾತಾಡದಿರುವ ಹಕ್ಕಿಗಾಗಿ ಅವನು ಮನೆಯಲ್ಲೂ ಮಾತು ಬಿಟ್ಟಿದ್ದಾನೆ. ಮಕ್ಕಳ ವೇದಿಕೆ ತಪ್ಪಿಸುವುದು ಬೇಡವೆಂದು ನನ್ನ ಬಾಯಿ ಮುಚ್ಚಿಸಿದವರು, ಡಾಕ್ಟರ ಮಾತಿನ ಮೇಲೆ ನಿಯಮವನ್ನು ಕೊನೆಗೂ ನಂಬಿದ ತಾಯಿಯೇ.

ಹಾಗಾಗಿ ತಮ್ಮನ್ನೇ ಖುದ್ದಾಗಿ ಕಾಣಲು ಬಂದೆ, ನೆನಪಿರಬಹುದು. ಸಂಘದ ಕೋಣೆಯಲ್ಲಿ ಬಣ್ಣದ ಕಾಗದದ ಬಾವುಟಗಳ ಕೆಳಗೆ ತಾವು ಕೂತಿದ್ದಿರಿ, ಎದೆಯ ಮೇಲೆ ಬ್ಯಾಡ್ಜಿತ್ತು. ನನ್ನ ಕಷ್ಟವನ್ನೆಲ್ಲ ತಲೆಯಾಡಿಸುತ್ತ ಕೇಳಿದಿರಿ. ಆಮೇಲೆ ಬಹಳ ಆತ್ಮೀಯವಾಗಿ, ಕೈಗಳನ್ನೆಲ್ಲ ಬೀಸಿ, ಫ್ರೆಂಚಿನಲ್ಲಿ ದೀರ್ಘ ಉತ್ತರ ಕೊಟ್ಟಿರಿ. ಒಪ್ಪಿದಿರೋ, ಬೈದಿರೋ, ರೈಲು ಎಷ್ಟು ಹೊತ್ತಿಗೆಂದು ಕೇಳಿದಿರೋ ನನಗೆ ಇವತ್ತಿಗೂ ತಿಳಿದಿಲ್ಲ. ಕೈಕುಲುಕಿ ಹೊರಬಂದೆ. ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದು ಅದಕ್ಕೇ, ಓದಿದವರಲ್ಲಿ ಯಾರಾದರೂ ತಮಗೆ ಅನುವಾದಿಸಿ ಹೇಳಿಯಾರು.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಎರಡೂ ಪುಸ್ತಕಗಳಿಗೆ ಜಗಳದ ಪಾಠವೊಂದನ್ನು ತುರ್ತಾಗಿ ಸೇರಿಸಬೇಕು, ಅದರಲ್ಲಿ ಹೊದಿಕೆ, ಕುರ್ಚಿ, ಬಚ್ಚಲು ಎಂಬ ಪದಗಳು ಕಡ್ಡಾಯವಾಗಿ ಇರಬೇಕು. ಅದಾಗದಿದ್ದರೆ ನಮ್ಮ ಹಜಾರಕ್ಕೆ ಒಬ್ಬ ದುಭಾಷಿಯನ್ನು ನೇಮಿಸಬೇಕು, ಅವರಿಗೆ ಕಿಟಕಿಯ ಪಕ್ಕದ ಕುರ್ಚಿಯನ್ನೇ ಬಿಟ್ಟುಕೊಡುತ್ತೇವೆ. ಅದೂ ಆಗದಿದ್ದರೆ ನನ್ನ ತಾಯಿಯ ಮಾತನ್ನೂ ಒಂದು ವಿದೇಶಿ ಭಾಷೆಯೆಂದು ಘೋಷಿಸಿ, ಅದಕ್ಕೊಂದು ಸಂಘ ಕಟ್ಟಿ, ಬೆತ್ತದ ಕುರ್ಚಿಯ ಸುತ್ತ ಅದರ ಸಭೆ ಸೇರಲು ಅನುಮತಿ ನೀಡಬೇಕು. ನನ್ನ ಮಕ್ಕಳಿಗೆ ಅದು ಸಾಕಷ್ಟು ವಿದೇಶಿಯಾಗುತ್ತಿದೆ.

ಬೇಗ ಕ್ರಮ ಕೈಗೊಳ್ಳಿ ಎನ್ನಲು ಕಾರಣವಿದೆ. ತಾಯಿ ಇವತ್ತು ನನ್ನ ತಂಗಿಯ ಮನೆಗೆ ಹೊರಟಿದ್ದಾರೆ. ಎಷ್ಟು ದಿನಕ್ಕೆಂದು ಕೇಳಿದರೆ ನೋಡೋಣ ಅನ್ನುತ್ತಾರೆ. ಅಲ್ಲಿ ಮಕ್ಕಳಿಲ್ಲ, ಆದರೆ ಟೀವಿಯಾದರೂ ತಿಳಿಯುವ ಹಾಗೆ ಮಾತಾಡುತ್ತದಂತೆ. ಇದನ್ನು ಬರೆಯುತ್ತಿರುವಾಗಲೇ ಅವರು ಚೀಲ ತಂದು ಬಾಗಿಲ ಬಳಿ ಇಟ್ಟರು, ಮಕ್ಕಳಿಬ್ಬರೂ ಬಂದು ನೋಡಿದರು. ಲೇಖನಿಯನ್ನು ಸ್ವಲ್ಪ ಹೊತ್ತು ಕೆಳಗಿಡುತ್ತೇನೆ.

ಮತ್ತೆ ಎತ್ತಿಕೊಂಡಿದ್ದೇನೆ. ನಡೆದದ್ದು ಇಷ್ಟು. ಮಗ ಚೀಲವನ್ನು ಒಳಗೆ ಒಯ್ಯಲು ಎತ್ತಿದ. ಮಗಳು ಅದರ ಇನ್ನೊಂದು ಹಿಡಿ ಹಿಡಿದಳು. ಅವಳು ರೈಲ್ವೆ ನಿಲ್ದಾಣದ ಭಾಷೆಯಲ್ಲಿ ಏನೋ ಅಂದಳು, ಅವನು ತನ್ನ ಹೆಸರು ಹೇಳಿದ. ಇಬ್ಬರಿಗೂ ಸಾಲಲಿಲ್ಲ. "ನಿನ್ನಿಂದಲೇ ಅಜ್ಜಿ ಹೋಗ್ತಿರೋದು," ಅಂದಳು ಮಗಳು, ಅಪ್ಪಟ ಮನೆಮಾತಿನಲ್ಲಿ. "ನಿನ್ನಿಂದ, ದಿನಾ ಮೂಗಲ್ಲಿ ಮಾತಾಡಿದ್ದು ಯಾರು?" ಅಂದ ಬೆಟ್ಟ. ಹೊದಿಕೆ, ಕುರ್ಚಿ, ಬಚ್ಚಲು, ಬಾಕಿಯಿದ್ದದ್ದೆಲ್ಲ ಒಟ್ಟಿಗೇ ಹೊರಬಂತು. ತಾಯಿ ಹೊಸ್ತಿಲಿಂದ ವಾಪಸ್ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿದರು. ಈ ಸಲ ಒರೆಸಲು ತುಂಬ ಹೊತ್ತು ಹಿಡಿಯಿತು. ಆಮೇಲೆ ಹಾಕಿಕೊಂಡು, "ಒಬ್ಬೊಬ್ಬರಾಗಿ ಹೇಳಿ" ಅಂದರು.

ವಿಚಾರಣೆ ಇನ್ನೂ ನಡೆಯುತ್ತಿದೆ. ಗಲಾಟೆಯಲ್ಲಿ ಅಕ್ಷರ ಕೆಟ್ಟಿದ್ದರೆ ಕ್ಷಮಿಸಬೇಕು. ಮಗಳ ಹಾಡೊಂದನ್ನು ಉಳಿಸಿಕೊಡಿ, ಹುಡುಗಿ ನಿಜಕ್ಕೂ ಚೆನ್ನಾಗಿ ಹಾಡುತ್ತಾಳೆ.

ಮತ್ತೊಮ್ಮೆ ಚಪ್ಪಾಳೆ ತಟ್ಟುವ ಮುನ್ನ ಯೋಚಿಸಲಿರುವ,
ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಂದೆ

ಮರೆತ ಮಾತು: ಬ್ಯಾಡ್ಜುಗಳೆರಡೂ ಈಗ ನನ್ನ ತಾಯಿಯ ಕನ್ನಡಕದ ಡಬ್ಬಿಯಲ್ಲಿವೆ. ತಾವೇ ಬಂದು ಕೇಳಿದರೆ ಕೊಡುತ್ತಾರಂತೆ, ತಮ್ಮ ಅಹವಾಲನ್ನೂ ಪೂರ್ತಿ ಕೇಳುತ್ತಾರಂತೆ. ಬರುವಾಗ ದಯವಿಟ್ಟು ತಮ್ಮ ಬ್ಯಾಡ್ಜನ್ನು ಬಾಗಿಲಾಚೆ, ಚಪ್ಪಲಿಯ ಪಕ್ಕದಲ್ಲಿ ಬಿಟ್ಟು ಬರಬೇಕು.