ಬೋರ್ಡಿನ ಮೇಲಿನ ವೈನು

ನಮ್ಮ ಸೋದರತ್ತೆ ಬ್ರಾಂದಿ ಅಂಗಡಿಗೆ ಹೋಗಿದ್ದರು ಎಂದರೆ ನೀವು ನಂಬುವುದಿಲ್ಲ. ಬಿಡಿ, ಕಣ್ಣಾರೆ ಕಂಡ ಪಾಂಡವಪುರದವರೇ ನಂಬಲಿಲ್ಲ! ಕುಡಿದು ಬಂದ ಬೀಗರಿಗೆ ಜಗಲಿಯ ಮೇಲೆಯೇ ಒಂದು ಚೊಂಬು ನೀರು ಕೊಟ್ಟು, ಅಲ್ಲಿಂದಲೇ ಸಾಗಹಾಕಿದ ಹೆಂಗಸು ಅವರು. ಅಂಥವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಾಡುಹಗಲಲ್ಲಿ ಆ ಅಂಗಡಿಯ ಕಿಂಡಿಗೆ ಮುಖವಿಟ್ಟು ನಿಂತರು.

ಕಾರಣ, ಮಾವನ ಎದೆ. ತೊಂಬತ್ತರ ದಶಕದಲ್ಲಿ ಅದೊಮ್ಮೆ ಹಿಡಿದುಕೊಂಡು, ಮಾವ ಆಸ್ಪತ್ರೆ ಸೇರಿ, ಹೇಗೋ ಉಳಿದು ಊರಿಗೆ ಮರಳಿದ್ದರು. ಡಾಕ್ಟರು ಬಾಡೂಟ ಬಿಡಿ ಎಂದರು, ಮಾವನಿಗೆ ಕೇಳಿಸಲಿಲ್ಲ. ದಿನಾ ನಡೆಯಿರಿ ಎಂದರು, ಅದೂ ಕೇಳಿಸಲಿಲ್ಲ. ನೋಡಲು ಬಂದ ನೆಂಟರೊಬ್ಬರು ಕಾಫಿ ಹೀರುತ್ತಾ, "ದಿನಾ ಒಂಚೂರು ಕೆಂಪು ವೈನು ತಗಂಡ್ರೆ ಆರ್ಟಿಗೆ ಒಳ್ಳೇದಂತೆ" ಎಂದು ಪಿಸುಗುಟ್ಟಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು! ಅಂದಿನಿಂದ ಮಾತ್ರೆ ಕೊಡಲು ಹೋದರೆ "ವೈನೆಲ್ಲಿ?" ಎನ್ನತೊಡಗಿದರು. ಅತ್ತೆಗೆ ಸಂಕಟ. ಕೊಟ್ಟು ಕೆಡುಕಾದರೆ? ಕೊಡದೆ ಏನಾದರೂ ಆದರೆ? ಗಂಡನ ಜೀವದ ಮುಂದೆ ತನ್ನ ಮಾನ ಯಾವ ಲೆಕ್ಕ ಎಂದುಕೊಂಡು, ನನ್ನನ್ನೂ ಎಳೆದುಕೊಂಡು ಊರಿನಿಂದ ಪಾಂಡವಪುರಕ್ಕೆ ಹೊರಟೇಬಿಟ್ಟರು.

ಅತ್ತೆಯನ್ನು ಕಂಡದ್ದೇ ತಡ, ಅಂಗಡಿಯ ಮುಂದಿದ್ದವರೆಲ್ಲ ಮಾಯ. ಎಲ್ಲರೂ ಒಂದಲ್ಲ ಒಂದು ವರಸೆಯಲ್ಲಿ ನೆಂಟರೇ ತಾನೆ!

"ವೈನ್ ಕೊಡಪ್ಪಾ."

"ವೈನ್ ಇಲ್ಲ ಕನವ್ವಾ. ರಮ್ಮದೆ, ಬ್ರಾಂದಿ ಅದೆ."

"ಮತ್ತೆ ಮ್ಯಾಲೆ ವೈನ್ ಸ್ಟೋರ್ಸ್ ಅಂತ ಬರ್ಸಿದ್ದೀಯಲ್ಲಾ?"

"ಅದು ಬರೀ ಎಸ್ರು ಕನವ್ವಾ. ವೈನ್ ಯಾರೂ ಕೇಳಾಕಿಲ್ಲ."

"ನಾನ್ ಕೇಳ್ತಾ ಇಲ್ವೇನ್ಲಾ? ಅಕ್ಕಿ ಅಂಗ್ಡಿ ಅಂತ ಬರ್ಸಿ ಮೆಣಸಿನ್ಕಾಯಿ ಮಾರೀಯಾ?"

ಕೆ.ಆರ್. ಪೇಟೆಗೆ ಹೋದೆವು. ಬೋರ್ಡಿತ್ತು, ವೈನಿರಲಿಲ್ಲ. ನಾಗಮಂಗಲದಲ್ಲಿ ಬೋರ್ಡು ಇನ್ನೂ ದೊಡ್ಡದಿತ್ತು, ವೈನ್ ಕೇಳಿದ್ದಕ್ಕೆ ಅಂಗಡಿಯವನು, "ಯಾವ್ ದೇಸ್ದೋರು ನೀವು?" ಎಂದ. ಕೊನೆಗೆ ಶ್ರೀರಂಗಪಟ್ಟಣದಲ್ಲಿ, ಯಾರೋ ಪ್ರವಾಸಿಗರಿಗೆಂದು ತರಿಸಿ ಧೂಳು ತಿನ್ನುತ್ತಿದ್ದ ಬಾಟಲಿಯೊಂದು ಅಟ್ಟದಿಂದ ಇಳಿಯಿತು. ಅತ್ತೆ ಅದನ್ನು ಕಬಡ್ಡಿಯಲ್ಲಿ ಗೆದ್ದ ಕಪ್ಪಿನಂತೆ ಎತ್ತಿ ಹಿಡಿದೇ ಬಸ್ಸು ಹತ್ತಿದರು! ಮನೆಗೆ ಬಂದವರೇ, "ಡಾಕ್ಟ್ರುನ್ನ ಕೇಳೋಗಂಟ ಯಾರೂ ಮುಟ್ಟಂಗಿಲ್ಲ" ಎಂದು ಅದನ್ನು ರಾಗಿಯೊಳಗೆ ಹೂತಿಟ್ಟರು.

ಮುಂದಿನ ವಾರ ಮಾವನನ್ನೂ ಕರೆದುಕೊಂಡು ಹೋದೆವು. ಪಾಂಡವಪುರದ ಡಾಕ್ಟರ ಮೇಜಿನ ಮೇಲೆ, ಸ್ಟೆತಾಸ್ಕೋಪಿನ ಪಕ್ಕದಲ್ಲಿ, ಬಾಟಲಿ ಕೂತಿತು. "ಇದು ಎದೆಗೆ ಒಳ್ಳೇದಾ ಕೆಟ್ಟದ್ದಾ, ಒಂದೇ ಮಾತ್ನಲ್ಲಿ ಯೋಳ್ಬುಡಿ ಸೋಮಿ" ಎಂದರು ಅತ್ತೆ.

"ಸ್ವಲ್ಪ ಕುಡಿದ್ರೆ ಒಳ್ಳೇದು ಅಂತ ಕೆಲವರು ಹೇಳ್ತಾರಮ್ಮ. ಆದ್ರೆ..."

"ಬಂತಲ್ಲ ಆದ್ರೆ! ಅದುನ್ನ ಯೋಳಿ."

"ಲಿವರಿಗೆ ಕೆಟ್ಟದ್ದು, ಬಿ.ಪಿ. ಏರಬಹುದು, ಮಾತ್ರೆ ಜೊತೆ ಸರಿಬರಲ್ಲ, ಅಭ್ಯಾಸ ಆದ್ರೆ ಬಿಡಲ್ಲ. ಕುಡಿಯದೇ ಇರೋರು ಇದಕ್ಕೋಸ್ಕರ ಶುರು ಮಾಡೋದೇ ಬೇಡ. ಸುಮ್ನೆ ನಡೆದ್ರೆ ಇದಕ್ಕಿಂತ ಒಳ್ಳೇದು."

ಗೆದ್ದರು ಅತ್ತೆ! ಮಾವನ ಕಡೆ ತಿರುಗಿ, "ಈಗ್ಲಾದ್ರೂ ಕಿವಿಗ್ ಬಿತ್ತಾ? ಕಾಲಲ್ಲಿ ಸಿಕ್ಕೋದುನ್ನ ಬಾಟ್ಲೀಲಿ ಉಡುಕ್ತಿದ್ರಲ್ಲಾ!" ಎಂದರು. ಮಾವ ಸೋಲೊಪ್ಪುವ ಆಸಾಮಿಯೇ? "ಅಂಗಾರೆ ತಂದಿರೋದು ದಂಡ ಆಯ್ತದಲ್ಲಾ?" ಎಂದು ಕೊನೆಯ ಪಟ್ಟು ಹಾಕಿದರು.

ಡಾಕ್ಟರು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಇದು ಆಗಲೇ ಅರ್ಧ ಖಾಲಿ ಆಗಿದೆಯಲ್ಲ?"

ಎಲ್ಲರೂ ಮಾವನನ್ನೇ ನೋಡಿದೆವು. "ದೇವ್ರಾಣೆ ನಾನಲ್ಲ!" ಎಂದು ಮಾವ ಕೂಗಿಕೊಂಡರು.

"ನಾನು" ಎಂದರು ಅತ್ತೆ, ಸೆರಗಿನ ಅಂಚು ಹಿಸುಕುತ್ತಾ. "ಒಬ್ರು ಒಳ್ಳೇದಂತಾರೆ, ಒಬ್ರು ಕೆಟ್ಟದ್ದಂತಾರೆ. ಈವಯ್ಯನ ಎದೆ ಮೊದ್ಲೇ ನೊಂದದೆ, ಅದ್ರ ಮ್ಯಾಲೆ ಪರೀಕ್ಸೆ ಮಾಡಾಕಾಯ್ತದಾ? ಅದ್ಕೇ ದಿನಾ ಒಂದೊಂದು ಗುಟುಕು ನಾನೇ ಕುಡ್ದು ನೋಡ್ದೆ. ಏನಾರ ಆಗಂಗಿದ್ರೆ ಮೊದ್ಲು ನಂಗೇ ಆಗ್ಲಿ ಅಂತವ."

ಮಾವ ನಮ್ಮೆಲ್ಲರ ಎದುರಿಗೇ ಅತ್ತೆಯ ಕೈ ಹಿಡಿದುಕೊಂಡರು. "ನಿಂಗೇನಾರ ಆಗ್ಬುಟ್ಟಿದ್ರೆ, ಈ ಎದೆ ಇಟ್ಕಂಡು ನಾನೇನ್ ಮಾಡ್ಬೇಕಿತ್ತಮ್ಮೀ?" ಎಂದರು.

ಅವತ್ತು ಅವರಿಬ್ಬರೂ ಬಸ್ಸಿಗೆ ಕಾಯಲಿಲ್ಲ. ನಾಲೆಯ ಏರಿಯ ಮೇಲೆ, ಹಿಡಿದ ಕೈ ಬಿಡದೆ, ಊರಿನ ತನಕ ನಡೆದೇ ಹೋದರು.