ಬಳ್ಳಿಯಕ್ಷರದ ಲಗ್ನಪತ್ರಿಕೆ

ಅಕ್ಷರ ದುಂಡಗಿರಲಿ ಎಂದು ಮಕ್ಕಳಿಗೆ ಹೇಳಿಕೊಡುವುದೇ ನನ್ನ ಕಸುಬು. ಆದರೂ ಅತಿ ಚೆಂದದ ಅಕ್ಷರ ಕಂಡರೆ ಇಂದಿಗೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಅದರ ಹಿಂದೆಯೇ ಕೈ ಮುಗಿಯಬೇಕೆನಿಸುತ್ತದೆ. ಎರಡಕ್ಕೂ ಕಾರಣ ನನ್ನ ತಂಗಿ ಗೌರಿಯ ಲಗ್ನಪತ್ರಿಕೆ.

ಆಗ ಕೊಡಗು ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯ. ನಾನು ಸೋಮವಾರಪೇಟೆಯಲ್ಲಿ ಮೇಷ್ಟ್ರು. ಮಡಿಕೇರಿಯಲ್ಲಿ ಅಚ್ಚುಕೂಟ ಇಟ್ಟಿದ್ದ ರಾಯರು ಹೊಸ ಅಚ್ಚುಮೊಳೆ ತರಿಸಿದ್ದರು. ಕೈಯಲ್ಲಿ ಬರೆದಂತೆಯೇ ಕಾಣುವ ಅಕ್ಷರ. ತಲೆಕಟ್ಟುಗಳೆಲ್ಲ ಮೆಣಸಿನ ಬಳ್ಳಿಯ ಕುಡಿಯಂತೆ ಮೇಲೇರಿ ಸುರುಳಿ ಸುತ್ತಿದ್ದವು. ಒತ್ತಕ್ಷರಗಳು ಕೆಳಗಿನ ಸಾಲಿಗಿಳಿದು ಅಲ್ಲಿದ್ದ ಅಕ್ಷರಗಳ ಕೊರಳು ತಬ್ಬಿದ್ದವು.

"ಓದಕ್ಕೆ ಆಗುತ್ತಾ ರಾಯರೇ?" ಎಂದೆ.

"ಮದುವೆ ಕಾಗದ ಯಾರ್ರೀ ಓದ್ತಾರೆ ಮೇಷ್ಟ್ರೇ? ನೋಡ್ತಾರೆ!" ಎಂದರು.

ಒಪ್ಪಿದೆ. ಒಪ್ಪಲು ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಯವರೇ ಹೋಗಿ, ಹೊಸ್ತಿಲಲ್ಲಿ ನಿಂತು, ಅಕ್ಷತೆ ಕೊಟ್ಟು ಬಾಯಲ್ಲಿ ಕರೆಯಬೇಕು. ನನಗೋ ಗುಡ್ಡದ ಮೇಲಿನ ಮನೆಗಳ ಏರು ಹತ್ತುವುದೆಂದರೆ ಆಗದು. ಇಷ್ಟು ಚೆಂದದ ಕಾಗದವೇ ಕರೆಯುವಾಗ ನನ್ನ ಕಾಲೇಕೆ ಎಂದುಕೊಂಡು, ಪತ್ರಿಕೆಗಳ ಕಟ್ಟನ್ನು ಕೊಡ್ಲಿಪೇಟೆ ಬಸ್ಸಿನ ಕಂಡಕ್ಟರನ ಕೈಗೆ ಹಂಚಲು ಕೊಟ್ಟು ನಿಶ್ಚಿಂತನಾದೆ.

ಮುಂದಿನ ಸಂತೆಯಲ್ಲಿ, ವರಸೆಯಲ್ಲಿ ಮಾವನಾಗಬೇಕಾದ ಪುಟ್ಟೇಗೌಡರು ಸಿಕ್ಕರು.

"ಅದೇನ್ಲಾ, ಹೂವಿನ ಚಿತ್ರ ಕಳ್ಸಿದ್ದೀಯ? ನಿಮ್ಮತ್ತೆ ದಿಂಬಿನ ಚೀಲದ ಮೇಲೆ ಅದ್ನೇ ಹೊಲೀತಾವ್ಳೆ."

"ಮಾವ, ಅದು ಗೌರಿ ಮದುವೆ!"

"ಹೌದಾ? ಯಾವತ್ತು?"

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. ಮನೆಗೆ ಬಂದು ಹೇಳಿದಾಗ ಗೌರಿ ಬೈಯಲಿಲ್ಲ. "ಅಣ್ಣಯ್ಯ, ಶಿರಂಗಾಲದಿಂದ ಗಂಡಿನ ಕಡೆಯೋರು ಗಾಡಿ ತುಂಬಾ ಬರ್ತಾರೆ. ನಮ್ ಕಡೆ ಚಪ್ಪರ ಬರಿದಾಗಿದ್ರೆ ನಾನ್ ಅಲ್ಲಿ ಹೋಗಿ ಹ್ಯಾಗ್ ತಲೆ ಎತ್ಲಿ?" ಎಂದಳು, ಅಷ್ಟೇ. ಅಪ್ಪನಿಲ್ಲದ ಹುಡುಗಿ. ಬೈದಿದ್ದರೇ ವಾಸಿಯಿತ್ತು.

ಮರುದಿನದಿಂದ ಅಕ್ಷತೆಯ ಬಟ್ಟಲು ಹಿಡಿದು, ಪತ್ರಿಕೆ ಓದಿ ಹೇಳಲೆಂದು ಮನೆಮನೆಯ ಏರು ಹತ್ತಿದೆ. ಕೊಡ್ಲಿಪೇಟೆಯ ದೊಡ್ಡವ್ವ ಅದನ್ನು ಯಾವುದೋ ಯಂತ್ರವೆಂದು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಇಳಿಸಿ ಓದಲು ಹೊರಟೆ. "ಶ್ರೀ" ಎಂಬುದರ ಮುಂದೆ ನನಗೂ ದಾರಿ ಸಿಗಲಿಲ್ಲ. ಮುಹೂರ್ತವನ್ನು ನೆನಪಿನಿಂದಲೇ ಹೇಳಿ, ಬಾಯ್ತುಂಬ ಕರೆದು, "ಈ ಅಕ್ಷರ ಅರ್ಥ ಆಗಲ್ಲ, ತಪ್ಪಾಯ್ತು ದೊಡ್ಡವ್ವ" ಎಂದೆ.

"ಅರ್ಥ ಆಗಿದ್ದಿದ್ರೆ ನಾನು ಬತ್ತಿರ್ಲಿಲ್ಲ ಕಣಪ್ಪಾ," ಎಂದಳು. "ಕಂಡಕ್ಟರ ಕೈಲಿ ಕರುಸ್ಕಳಕ್ಕೆ ನಾನೇನು ಏಲಕ್ಕಿ ಮೂಟೆನಾ? ಈಗ ನೀನೇ ಬಂದು ಹೊಸ್ಲಲ್ಲಿ ನಿಂತ್ಯಲ್ಲ, ಬತ್ತೀನಿ ಬುಡು."

ನಾನು ಅಲ್ಲೇ ಕುಳಿತುಬಿಟ್ಟೆ. ಆ ಕಾಗದ ಓದಲು ಬರುವಂತಿದ್ದರೆ ಊರಿಗೆ ಊರೇ ಮುನಿಸಿಕೊಂಡಿರುತ್ತಿತ್ತು.

ಮದುವೆಯ ದಿನ ಚಪ್ಪರ ಸಾಲದೆ ಜನ ಅಂಗಳದಲ್ಲಿ ನಿಂತರು. ಗೌರಿ ತಲೆಯೆತ್ತಿಕೊಂಡೇ ಗಂಡಿನ ಮನೆಯ ಗಾಡಿ ಹತ್ತಿದಳು. ದೊಡ್ಡವ್ವನೇ ಅವಳ ಕೈ ಹಿಡಿದು ಹತ್ತಿಸಿದ್ದು. ನಾನು ಬಾಯಲ್ಲಿ ಕರೆಯದೆ ಬಿಟ್ಟವರು ಅಚ್ಚುಕೂಟದ ರಾಯರೊಬ್ಬರೇ. ತಮ್ಮ ಅಕ್ಷರವನ್ನು ತಾವೇ ಓದಿಕೊಂಡು, ಮದುವೆಯ ಮರುದಿನ ಜರಿ ಪೇಟ ಸುತ್ತಿ ಬಂದರು.

ಉಳಿದ ಪಾಯಸ ಬಡಿಸಿ ಕೈ ಮುಗಿದೆ. ಮುಂದೆ ನನ್ನ ಮದುವೆ ಗೊತ್ತಾದಾಗ ಅದೇ ಬಳ್ಳಿಯಕ್ಷರ ಬೇಕೆಂದು ಹಟ ಹಿಡಿದೆ. ತಿಳಿಯುವ ಅಕ್ಷರ ಹಾಕಿಸಿದರೆ ನಾನು ಏರು ಹತ್ತುವವನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.