ನೀಲಿ ಫ್ಯೂಸು

ಗಡಿಯಾರ ರಿಪೇರಿಯವನ ಹಳೇ ವ್ಯಾನಿನಲ್ಲಿ ಡೈನಮೋದಿಂದ ಬ್ಯಾಟರಿಗೆ ಹೋಗುವ ವೈರು ಸುಟ್ಟಿತ್ತು. ಸಂಜೆ ನಾಲ್ಕಕ್ಕೆ ವ್ಯಾನು ಓಡಿದರೆ ಹೆಂಡತಿಯೊಡನೆ ಕಡಲತೀರ. ಓಡದಿದ್ದರೆ ಇಳಿಜಾರಿನ ತುದಿಯ ಗುಜರಿ ಅಂಗಡಿ. ತೀರ್ಪು ಹೆಂಡತಿಯದು, ಮೇಲ್ಮನವಿ ಇಲ್ಲ.

ಹೊಸ ವೈರು ಎಳೆದಾಗಿತ್ತು. ಫ್ಯೂಸು ಆರಿಸುವುದೊಂದೇ ಬಾಕಿ. ಅಂಗೈ ಮೇಲೆ ಮೂರು ಫ್ಯೂಸು: ಹಸಿರು ಮೂವತ್ತು ಆಂಪಿಯರು, ಹಳದಿ ಇಪ್ಪತ್ತು, ನೀಲಿ ಹದಿನೈದು. ನೀಲಿಯನ್ನು ಬಿಸಿಲಿಗೆ ಹಿಡಿದ. ಅದರೊಳಗೆ ಪುಟ್ಟದೊಂದು ಕಡಲು ಅಲುಗಾಡಿದಂತಾಯಿತು.

"ಹಸಿರು ಜಡಿಯೋ ಮಾರಾಯ!" ಎಂದ ಎದುರುಮನೆ ಲಾರಿ ಡ್ರೈವರ್.

"ಸುಮ್ನಿರೋ," ಎಂದು ಬಗ್ಗಿ ನೋಡಿದರು ರಿಟೈರ್ಡ್ ಲೈನ್‌ಮನ್ ತಾತ. "ವೈರು ನೋಡಿ ಫ್ಯೂಸು ಹಾಕ್ಬೇಕು. ಇದೇನಯ್ಯ, ವೈರೋ ತಲೆಗೂದಲೋ? ದಪ್ಪದ್ದು ತಂದಿದ್ಯಲ್ಲ?"

ಅವನು ತಾರಸಿಯತ್ತ ಕಣ್ಣು ಹಾಯಿಸಿದ. ದಪ್ಪ ವೈರಿನ ಮೇಲೆ ಹೆಂಡತಿ ಒಗೆದ ಹೊದಿಕೆಗಳು ಹಾಯಿಯಂತೆ ಉಬ್ಬುತ್ತಿದ್ದವು. "ಅದನ್ನ ಬಿಚ್ಚಿದ್ರೆ ನಾನು ಉಳೀತೀನಾ ತಾತ?"

"ಹಾಗಾದ್ರೆ ಸಣ್ಣ ವೈರಿಗೆ ಸಣ್ಣ ಫ್ಯೂಸು, ನೀಲೀನೇ ಹಾಕು. ಬ್ಯಾಟರಿ ತುಂಬಿದೆ, ತಾಳುತ್ತೆ. ಬರಿದಾದ್ರೆ ಮಾತ್ರ ಹಸಿದವನ ಥರ ಕರೆಂಟ್ ಎಳೆಯುತ್ತೆ, ಫ್ಯೂಸು ಟಪ್!"

ನೀಲಿ ಕೂತಿತು. ಗಡಿಯಾರದವನಿಗೆ ಪರೀಕ್ಷಿಸದೆ ಕೊಟ್ಟು ಅಭ್ಯಾಸವಿಲ್ಲ. ದೀಪ, ಫ್ಯಾನು, ರೇಡಿಯೋ ಎಲ್ಲ ಹಾಕಿ, ಫ್ಯೂಸನ್ನೇ ನೋಡುತ್ತ ಸೀಟಿಗೊರಗಿದ. ಫ್ಯಾನಿನ ಗಾಳಿ ಉಪ್ಪುಪ್ಪಾಯಿತು. ರೇಡಿಯೋದ ಗೊರಗೊರ ಅಲೆಯಾಯಿತು. ಕಾಲಡಿಯ ಮರಳು ಮೆಲ್ಲಗೆ ಜಾರಿತು...

"ರೀ!" ಕಿಟಕಿಯಲ್ಲಿ ಹೆಂಡತಿ, ಕೈಯಲ್ಲಿ ಚೀಲ. "ನಾಲ್ಕಾಗ್ತಾ ಬಂತು."

"ನೋಡೇ, ಮೂರು ಗಂಟೆ ಹೊತ್ತು ಫ್ಯೂಸು ಮಿಸುಕಿಲ್ಲ!" ಎಂದು ಬೀಗಿ ಕೀಲಿ ತಿರುಗಿಸಿದ. ವ್ಯಾನು ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ತಾತ ಹಣೆ ಚಚ್ಚಿಕೊಂಡರು. "ಎಂಜಿನ್ ನಿಲ್ಲಿಸಿ ಚಾರ್ಜಿಂಗ್ ಫ್ಯೂಸು ಪರೀಕ್ಷೆ ಮಾಡ್ದ್ಯಾ? ಅದ್ರಲ್ಲಿ ಕರೆಂಟೇ ಹರಿದಿಲ್ಲ ಕಣೋ! ಬ್ಯಾಟರಿ ಬರಿದು!"

"ತಳ್ಳಿದ್ರೆ ಆಯ್ತು ಬಿಡಿ!" ಎಂದ ಡ್ರೈವರ್. ಬೀದಿಗೆ ಬೀದಿಯೇ ಕೈ ಹಚ್ಚಿತು. ಇಳಿಜಾರಿನಲ್ಲಿ ವ್ಯಾನು ತೇಲಿತು. ಎಂಜಿನ್ನು ಗುರ್ರೆಂದಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಹತ್ತಿ ಕೂತಿದ್ದ ಹೆಂಡತಿ ಮೊದಲ ಸಲ ನಕ್ಕಳು. ಅವನಿಗೆ ದೂರದಲ್ಲಿ ನೀಲಿ ಕಂಡಿತು.

ಟಪ್.

ಹಸಿದ ಬ್ಯಾಟರಿ ಫ್ಯೂಸನ್ನು ನುಂಗಿತ್ತು. ಕರೆಂಟಿಲ್ಲದೆ ಎಂಜಿನ್ನೂ ಆರಿತು. ವ್ಯಾನು ನಿಧಾನವಾಗಿ ಉರುಳಿ, ನೀಲಿ ಬಣ್ಣದ ಗೇಟಿನ ಮುಂದೆ ನಿಂತಿತು.

ಗುಜರಿಯವನು ಗೇಟು ತೆರೆದ. "ನಾನೇ ವ್ಯಾನು ಒಯ್ಯೋಕೆ ಬರೋಣ ಅಂತಿದ್ದೆ ಅಕ್ಕಾ, ನೀವೇ ತಂದ್ಬಿಟ್ರಲ್ಲ!"

ಹೆಂಡತಿ ಕೈಗಡಿಯಾರ ನೋಡಿದಳು. ಸರಿಯಾಗಿ ನಾಲ್ಕು. ಗಂಡನೇ ರಿಪೇರಿ ಮಾಡಿದ್ದು. ಒಂದು ಸೆಕೆಂಡೂ ಆಚೀಚೆ ಇರಲಿಲ್ಲ.